ಹದಿನೆಂಟನೆಯ ತಾರೀಖಿನವರೆಗೆ

ಸಹಿ ಅಂಬರೀಷನದೇ ಆಗಿತ್ತು. ಬಸರೀಕೊಪ್ಪದ ಪಂಚಾಯಿತಿ ಗುಮಾಸ್ತ ಫಕೀರೇಶ ಕಾಗದವನ್ನು ಅವನತ್ತ ತಿರುಗಿಸಿ, ಸಹಿಯ ಕೆಳಗೆ ಬೆರಳಿಟ್ಟ.

"ಸಿಟ್ಟಾಗಬ್ಯಾಡ್ರಿ ಸರ್. ಕೇರಿ ದೀಪ ಯಾಕ ಹಚ್ಚಿಲ್ಲ ಅಂತ ಕೇಳಿದ್ರಿ, ಅದಕ್ಕ ತೋರಸಾಕತ್ತೇನಿ. ತಡೀರಿ ಅಂತ ಬರದವರೂ ನೀವ ಅದೀರಲ್ರಿ."

ಅಂಬರೀಷ ಓದಿದ. ತೊಂಬತ್ತೆಂಟರ ನವೆಂಬರ್ ಹದಿನೇಳರ ರಾತ್ರಿ ಉಲ್ಕೆಗಳನ್ನು ನೋಡಲು ಧಾರವಾಡದ ಖಗೋಳ ಬಳಗದ ನೂರು ಜನ ಊರ ದಿನ್ನೆಗೆ ಬರುವವರಿದ್ದಾರೆ. ದಿನ್ನೆಯ ಬುಡದ ಕೇರಿಯಲ್ಲಿ ನಿಲ್ಲಿಸಿದ ನಾಲ್ಕು ಹೊಸ ಕಂಬಗಳ ದೀಪವನ್ನು ಹದಿನೆಂಟನೆಯ ತಾರೀಖಿನವರೆಗೆ ಹಚ್ಚದಿದ್ದರೆ ವಿಜ್ಞಾನ ಪ್ರಚಾರಕ್ಕೆ ಉಪಕಾರವಾಗುತ್ತದೆ. ಇಂತಿ, ಬಳಗದ ಕಾರ್ಯದರ್ಶಿ ಅಂಬರೀಷ. ಇನ್ನೊಮ್ಮೆ ಓದಿದ. ಅರ್ಧ ಗಂಟೆಯ ಹಿಂದೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಸೋದರತ್ತೆ ಉಡಚವ್ವನನ್ನು ನೋಡಿ, ಯಾರದೋ ಕೊರಳಪಟ್ಟಿ ಹಿಡಿಯುವವನಂತೆ ಅವನು ಈ ಕಚೇರಿಗೆ ನುಗ್ಗಿದ್ದ. ಕತ್ತಲಲ್ಲಿ ಹೊರಗೆ ಹೋದವಳು ಗಟಾರದಲ್ಲಿ ಬಿದ್ದಿದ್ದಳು.

ಜಾಗ ತೋರಿಸಿದವನೂ ಅವನೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಂಬರೀಷ, ಬಳಗದ ಅಧ್ಯಕ್ಷ ಶಶಿಕಾಂತರ ಸ್ಕೂಟರಿನ ಹಿಂದೆ ಕೂತು ಮೂರು ಸಂಜೆ ಅಲೆದಿದ್ದ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಹಿಂದಿನ ಬಯಲಲ್ಲಿ ಕಾರ್ಖಾನೆಗಳ ಬೆಳಕಿಗೆ ಆಕಾಶವೇ ಬೆಳ್ಳಗಾಗಿತ್ತು. ತಾರಿಹಾಳದಲ್ಲೂ ಅದೇ ಪಾಡು. ಬೈರಿದೇವರಕೊಪ್ಪದಲ್ಲಿ ಹೋದ ವರ್ಷ ಹೊಲವಿದ್ದಲ್ಲಿ ಮನೆಗಳು ಎದ್ದಿದ್ದವು.

"ನಮ್ಮ ಅಪ್ಪನ ಊರಾಗ ನೋಡೋಣಲ್ರಿ ಸರ್. ನಮ್ಮ ಕೇರಿ ಹಿಂದ ದಿನ್ನಿ ಐತಿ. ಊರ ದೀಪ ಇನ್ನೂ ನಮ್ಮ ಕಡೆ ಬಂದಿಲ್ಲ. ಕತ್ತಲಿ ಅಂದ್ರ ಕತ್ತಲಿ" ಎಂದು ಹೇಳುವಾಗ ಅವನಿಗೆ ಹೆಮ್ಮೆಯೇ ಆಗಿತ್ತು. ಊರವರೇ ಕಾಲಿಡದ ಕೇರಿಗೆ ಧಾರವಾಡದ ಪ್ರೊಫೆಸರರು, ವಕೀಲರು ತಾವಾಗಿ ನಡೆದು ಬರುತ್ತಾರೆ! ದಿನ್ನೆ ಹತ್ತಿದ ಶಶಿಕಾಂತರು ತಲೆಯೆತ್ತಿ ನೋಡಿ, "ಇಂಥಾ ಛಲೋ ಜಾಗಾ ಇಟಗೊಂಡು ಇಷ್ಟ ದಿನಾ ಸುಮ್ಮನಿದ್ರೇನ್ರೀ?" ಎಂದು ಬೆನ್ನು ತಟ್ಟಿದ್ದರು. ಇಳಿಯುವಾಗ ಕೇರಿಯ ಬಾಯಲ್ಲಿ ಬಿದ್ದಿದ್ದ ಕಂಬಗಳನ್ನು ಕಂಡು, ಇವು ಯಾತಕ್ಕೆ ಎಂದು ಕೇಳಿದ್ದರು. ದೀಪಾವಳಿಗೆ ದೀಪ ಬರುತ್ತದೆ ಎಂದು ಅವನೇ ಹೇಳಿದ್ದ.

ಆಮೇಲೊಂದು ದಿನ ಅವರು ಶಾಲೆಗೆ ಎಂಟು ಪತ್ರ ತಂದಿದ್ದರು. ಪೊಲೀಸರಿಗೆ, ಬಸ್ಸಿಗೆ, ಶಾಮಿಯಾನದವನಿಗೆ ಎಂದಿದ್ದರು. ಗಂಟೆ ಬಾರಿಸುತ್ತಿತ್ತು. ತರಗತಿಯ ಬಾಗಿಲಲ್ಲಿ ನಿಂತೇ ಅಂಬರೀಷ ಓದದೆಯೇ ಎಂಟಕ್ಕೂ ಸಹಿ ಹಾಕಿದ್ದ.

ಈಗ ಪಂಚಾಯಿತಿ ಕಚೇರಿಯ ಫೋನಿನಿಂದಲೇ ಅವರನ್ನು ಹಿಡಿದ. ಫಕೀರೇಶ ಎದ್ದು ಹೊರಗೆ ಹೋದ.

"ಅಯ್ಯ, ಮೂರು ನಾಲ್ಕು ವಾರದ ಮಾತು" ಎಂದರು ಶಶಿಕಾಂತರು, ಎಂದಿನ ನಗುವ ದನಿಯಲ್ಲಿ. "ಇಷ್ಟ ವರ್ಷ ಹೆಂಗೂ ಇದ್ರಲ್ರೀ? ನಿಮ್ಮ ಮಂದಿ ನಿಮಗ ಒಲ್ಲೆ ಅನ್ನೂದಿಲ್ಲ ಅಂತ ನಿಮ್ಮ ಹೆಸರಲೇ ಬರಸಿದೆ."

"ನಮ್ಮತ್ತಿ ಗಟಾರದಾಗ ಬಿದ್ದು ಕಾಲ ಮುರಕೊಂಡಾಳ್ರಿ. ಇವತ್ತ ದೀಪ ಹಚ್ಚಸ್ತೇನಿ."

"ಅರೇ, ಪಾಪ" ಎಂದರು. ಆಮೇಲೆ, "ಈಗ ಮತ್ತ ಬ್ಯಾರೆ ಜಾಗಾ ಎಲ್ಲೆ ಹುಡುಕೋದ್ರೀ? ಇನ್ನ ಒಂದ ವಾರ ಉಳದದ."

ಅಂಬರೀಷ ಫೋನು ಇಟ್ಟ. ಆ ಮಾತು ಆಡಿದ ಮನುಷ್ಯ ಕೆಟ್ಟವನಲ್ಲ ಎಂಬುದೇ ಅವನನ್ನು ಹೆಚ್ಚು ಬೆಚ್ಚಿಸಿತು. ಫಕೀರೇಶನನ್ನು ಒಳಗೆ ಕರೆದು ಹಾಳೆ ಕೇಳಿ ಪಡೆದು, ಹಿಂದಿನ ಪತ್ರ ರದ್ದು ಮಾಡಬೇಕೆಂದು ಬರೆದ. ಫಕೀರೇಶ ಸಂಜೆಗೇ ಲೈನ್‌ಮನ್‌ನನ್ನು ಕಳಿಸುವುದಾಗಿ ಹೇಳಿದ.

ಕೇರಿಗೆ ಮರಳಿ, ಅತ್ತೆಯ ಹೊರಸಿನ ಪಕ್ಕ ನೆಲದ ಮೇಲೆ ಕೂತ. ಒಂದನ್ನೂ ಮುಚ್ಚಿಡದೆ ಹೇಳಿದ. ಬೈದರೆ ಸಾಕೆಂದು ಕಾದ. ಉಡಚವ್ವ ಜಂತಿ ನೋಡುತ್ತಲೇ ಕೇಳಿದಳು.

"ಅವತ್ತ ಏನ ನೋಡಾವ್ರು ನೀವು?"

"ಆಕಾಶದಿಂದ ಚಿಕ್ಕಿ ಉದರತಾವ, ಅತ್ತಿ."

"ಎಷ್ಟೊತ್ತು?"

"ಭಾಳಂದ್ರ ಮೂರ ತಾಸು."

"ಮೂರ ತಾಸು!" ಅವಳು ಅವನತ್ತ ಮುಖ ತಿರುಗಿಸಿದಳು. "ನಮ್ಮನ್ನ ಕೇಳಿದ್ರ ಆ ಮೂರ ತಾಸು ದೀಪಾ ನಾವ ಆರಸ್ತಿದ್ವಲ್ಲೊ ತಮ್ಮಾ. ನಾವೂ ನೋಡ್ತಿದ್ವಿ."

ಅಂಬರೀಷ ಅವಳ ಕಾಲಿನ ಕೆಳಗೆ ಜಾರಿದ್ದ ಕೌದಿಯನ್ನು ಸರಿಮಾಡಿದ.

ಹೊತ್ತು ಮುಳುಗುವಾಗ ಲೈನ್‌ಮನ್ ಬಂದ. ನಾಲ್ಕು ದೀಪಗಳು ಎರಡು ಸಲ ಮಿಣುಕಿ ಹತ್ತಿಕೊಂಡವು. ಜನ ಬಾಗಿಲಿಗೆ ಬಂದು ನಿಂತರು. ಪಕ್ಕದ ಮನೆಯ ರೇಣವ್ವ ಕಣ್ಣು ಕಿರಿದು ಮಾಡಿಕೊಂಡು ದೀಪವನ್ನೊಮ್ಮೆ ನೋಡಿ, ಕೊಡ ಎತ್ತಿಕೊಂಡು ನಳದ ಕಡೆ ನಡೆದಳು. ದಾರಿಯುದ್ದಕ್ಕೂ ಬೆಳಕಿತ್ತು. ಆದರೂ ಅವಳ ಎಡಗೈ ಮನೆಮನೆಯ ಗೋಡೆಯನ್ನು ಸವರುತ್ತಲೇ ಹೋಯಿತು.