ಕುಬಸದ ಡಬ್ಬಿ

"ಭೂರಿಬಾಯಿ, ನಿನ್ನ ಹೊಟ್ಟ್ಯಾಗೇನು ಮಹಾರಾಜ ಕೂತಾನೇನ? ಜಗತ್ತಿನ್ಯಾಗ ನೀ ಒಬ್ಬಾಕೀನ ಬಸುರೇನು? ಪುಡಿ ಸುರೀಲಿಕ್ಕೆ ಆಗೂದಿಲ್ಲಂದ್ರ ಗೇಟು ಅಲ್ಲಿ ಅದ, ನಡಿ!"

ಕೊರ್ತಾಲಿಮ್ ಕಡೆಯ ಆ ಕ್ರೀಮು ಫ್ಯಾಕ್ಟರಿಯ ಮ್ಯಾನೇಜರ್ ವ್ಯಾಸರಾಜರ ಬಾಯಿಗೆ ಬೀಗವಿರಲಿಲ್ಲ. ಏಳು ತಿಂಗಳ ಬಸುರಿ ಭೂರಿಬಾಯಿ ಕೇಳಿದ್ದು ಇಷ್ಟೇ: ಕ್ರೀಮು ಕೆಡದಿರಲೆಂದು ಬೆರೆಸುವ ಬಿಳಿ ಪುಡಿಯ ಕೆಲಸ ಬಿಡಿಸಿ, ಹೆರುವವರೆಗೆ ಡಬ್ಬಿಗೆ ಚೀಟಿ ಅಂಟಿಸಲು ಹಾಕಿ ಅಂತ. ಅವಳಿಗೆ ದಿಗಿಲು ಹತ್ತಿದ್ದು ಜೊತೆಯ ದೇವಿಬಾಯಿಯ ಮಗಳನ್ನು ನೋಡಿ. ದೇವಿಬಾಯಿ ಬಸುರಲ್ಲಿ ಇದೇ ಪುಡಿ ಸುರಿದವಳು. ಎರಡನೇ ಇಯತ್ತೆಯ ಆ ಕೂಸಿಗೆ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ಆಗಲೇ ಮೈನೆರೆದಿತ್ತು. ಪುಡಿಯಿಂದಲೇ ಹೌದೋ ಅಲ್ಲವೋ, ಯಾವ ಡಾಕ್ಟರೂ ಖಚಿತವಾಗಿ ಹೇಳಿರಲಿಲ್ಲ.

"ಮೈಗೆ ಹಚ್ಚಿಕೊಳ್ಳೋ ಸಾಮಾನದು, ಕಚ್ಚತದೇನ?" ಎಂದು ನಕ್ಕ ಸಾಹೇಬರು, ಡ್ರಮ್ಮಿನ ತಳದ ಕ್ರೀಮನ್ನು ಡಬ್ಬಿಗೆ ತುಂಬಿಸಿ ಕೊಟ್ಟರು. "ತಗೋ, ನಿನ್ನ ಕುಬಸದ ಉಡುಗೊರಿ. ಹೊಟ್ಟಿಗೆ ಹಚ್ಚಿಕೋ, ಗೆರಿ ಬೀಳೂದಿಲ್ಲ."

ಫ್ಯಾಕ್ಟರಿಯ ಬಸುರಿಯರಿಗೆಲ್ಲ ಅವರದು ಇದೇ ಉಡುಗೊರೆ. ಧಾರಾಳ ಕೈಯ ಮನುಷ್ಯ! ಹಚ್ಚಿಕೊಳ್ಳಲು ಭಯ, ಎಸೆಯಲು ಮನಸ್ಸಿಲ್ಲ. ಡಬ್ಬಿ ಭೂರಿಬಾಯಿಯ ಕೈಚೀಲದಲ್ಲೇ ಬಿದ್ದಿತ್ತು.

ಆ ಐತವಾರ ಫಾತೋರ್ಡಾದ ಮನೆಯಲ್ಲಿ ಸಾಹೇಬರ ಹೆಂಡತಿ ಗೌತಮಿಯ ಕುಬಸ, ಅಂದರೆ ಸೀಮಂತ. ಭೂರಿಬಾಯಿಗೂ ದೇವಿಬಾಯಿಗೂ ಕರೆ ಬಂತು, ಪಾತ್ರೆ ತಿಕ್ಕಲು. ಒಳಗೆ ಮುತ್ತೈದೆಯರು ಹಾಡುತ್ತ ಬಸುರಿಗೆ ಅರಿಷಿಣ ಹಚ್ಚಿದರು, ರೂಢಿಯಂತೆ ಗಂಡನ ಕೆನ್ನೆಗೂ ಬಳಿದು ಗೇಲಿ ಮಾಡಿದರು. ಹಿತ್ತಿಲಿಗೆ ಪಾತ್ರೆ ತಂದ ಸಾಹೇಬರ ತಾಯಿ ಕೃಷ್ಣಾಬಾಯಿಗೆ ಸೊಸೆಯದೇ ಸಡಗರ.

"ನಮ್ಮ ಗೌತಮಿಗೆ ಬರೇ ಕೊಬ್ಬರಿ ಎಣ್ಣಿ ನೋಡ್ರೆ. ಫ್ಯಾಕ್ಟರಿ ಕ್ರೀಮು ಮನಿಯೊಳಗ ತರಬ್ಯಾಡ್ರಿ ಅಂತಾನ ನಮ್ಮ ವ್ಯಾಸ."

ಭೂರಿಬಾಯಿ ಕೈ ತೊಳೆದಳು. ಚೀಲದಿಂದ ಡಬ್ಬಿ ತೆಗೆದು ನೇರ ನಡುಮನೆಗೇ ನಡೆದಳು. ಹಿಂದೆ ದೇವಿಬಾಯಿ.

"ಅಯ್ಯ, ನೀವು ಒಳಗ್ಯಾಕ ಬಂದ್ರೇ?" ಕೃಷ್ಣಾಬಾಯಿ ಹೌಹಾರಿದರು.

"ನಮ್ಮದೂ ಒಂದು ಕೈ ಹಚ್ಚತೇವ್ರಿ ಗೌತಮಿ ಅವ್ವಾರಿಗೆ." ಭೂರಿಬಾಯಿ ಅಂಗೈ ತುಂಬ ಕ್ರೀಮು ತೆಗೆದಳು. "ಸಾಹೇಬ್ರ ಕೊಟ್ಟಿದ್ದರಿ. ಹೊಟ್ಟಿಗೆ ಹಚ್ಚಿದ್ರ ಗೆರಿ ಬೀಳೂದಿಲ್ಲಂತ."

ಗೌತಮಿ ನಗುತ್ತ ಕೈ ಚಾಚಿದಳು. ಸಾಹೇಬರು ಪಡಸಾಲೆಯಿಂದ ಓಡಿ ಬಂದರು, ಧೋತರ ಕಾಲಿಗೆ ತೊಡರಿತು.

"ಏ, ಹಚ್ಚಬ್ಯಾಡ! ಗೌತಮಿ, ಮುಟ್ಟಬ್ಯಾಡ ಅದನ್ನ! ಆ ಪುಡಿ ಹಾರ್ಮೋನು ಕೆಡಸಬಹುದು, ಹೊಟ್ಟ್ಯಾಗಿನ ಕೂಸಿಗೆ ತಟ್ಟಬಹುದು ಅಂತ ಡಾಕ್ಟರು ನನಗ ಹೇಳ್ಯಾರ!"

ಗೌತಮಿ ಗಂಡನನ್ನೇ ನೋಡುತ್ತ ಕೂತಳು. ಭೂರಿಬಾಯಿ ನಕ್ಕಳು.

"ಮಹಾರಾಜ ಇಲ್ಲಿ ಕೂತಾನ್ರಿ ಹಂಗಾರ! ನಮ್ಮ ಹೊಟ್ಟ್ಯಾಗ ಇರೂದೇನ್ರಿ, ಡ್ರಮ್ಮಿನ ತಳದ ಕಸಾನ?"

"ಭಾಡ್ಯಾ," ಎಂದಳು ದೇವಿಬಾಯಿ. "ನನಗೂ ಕೊಟ್ಟಿದ್ದ್ಯಲ್ಲೋ ಡಬ್ಬಿ. ನಾ ದಿನಾ ಹಚ್ಚಿಕೊಂಡೆ."

ಭೂರಿಬಾಯಿ ಮುಂದೆ ಬಂದು, ಸಾಹೇಬರ ಕೆನ್ನೆಯ ಅರಿಷಿಣದ ಮೇಲೆ ಅಂಗೈಯ ಕ್ರೀಮನ್ನೆಲ್ಲ ನಿಧಾನವಾಗಿ ಬಳಿದಳು. ಒಂದು ಕೆನ್ನೆ, ಆಮೇಲೆ ಇನ್ನೊಂದು.

"ಹೆದರಬ್ಯಾಡ್ರಿ ಸಾಹೇಬ್ರ, ಕಚ್ಚೂದಿಲ್ಲ. ನಾಳಿಂದ ಪುಡಿ ನೀವ ಸುರೀರಿ."