ಕೊಪ್ಪರಿಗೆಗೆ ಸುಣ್ಣ, ಸುಟ್ಟ ಕೈಗೆ ನೀರು

ಮಲಪನಗುಡಿಯ ಜಡೆಪ್ಪನವರ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಗಡಿಬಿಡಿ. ಅದರ ಹಿಂದೆಯೇ ಇದ್ದ ಅವರ ಮನೆಯಲ್ಲಿ ಸೊಸೆ ತ್ರಿವೇಣಿ ಕಕ್ಕಸು ತೊಳೆಯಲು ಆ್ಯಸಿಡ್ ಬಾಟಲಿ ಹಿಡಿದಿದ್ದಳು. ಬಿಗಿಯಾಗಿದ್ದ ಮುಚ್ಚಳವನ್ನು ಜೋರಾಗಿ ತಿರುವಿದಾಗ ಆ್ಯಸಿಡ್ ಚಿಮ್ಮಿ ಬಲಗೈ ಮೇಲೆ ಬಿತ್ತು.

“ಅಯ್ಯೋ ಅತ್ತೀ, ಕೈ ಉರಿಯಾಕತ್ತೈತ್ರಿ!”

ಅತ್ತೆ ಕೊಟ್ರಮ್ಮ ಗಾಬರಿಯಾಗಿ ನಿಂತುಬಿಟ್ಟರು. ಜಡೆಪ್ಪ ಸುಣ್ಣದ ನೀರಿನ ಡಬ್ಬಿ ಹಿಡಿದೇ ಓಡಿಬಂದರು. ಕಬ್ಬಿನ ಹಾಲಿನ ಹುಳಿ ಮುರಿಯಲು ಕೊಪ್ಪರಿಗೆಗೆ ಸುಣ್ಣ ಬಿಡುವುದರಲ್ಲಿ ಅವರದು ಪಳಗಿದ ಕೈ.

“ಕೈ ಚಾಚವ್ವ. ಆ್ಯಸಿಡ್ ಅಂದ್ರ ಹುಳಿನ. ಸುಣ್ಣ ಬಿದ್ರ ತಣ್ಣಗಾಗ್ತೈತಿ.”

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಭಾಗ್ಯ ಚೀರಾಟ ಕೇಳಿ ಒಳಗೆ ನುಗ್ಗಿದಳು.

“ಸುಣ್ಣ ಬ್ಯಾಡ್ರಿ ಕಾಕಾ! ಜಲ್ದಿ ನಳ ತಿರುವ್ರಿ!”

ಪುಣ್ಯಕ್ಕೆ ನಳದಲ್ಲಿ ನೀರಿತ್ತು. ಭಾಗ್ಯ ತ್ರಿವೇಣಿಯ ಬಳೆ ತೆಗೆಸಿ ಕೈಯನ್ನು ಧಾರೆಯ ಕೆಳಗೆ ಹಿಡಿಸಿದಳು. ಜಡೆಪ್ಪನವರಿಗೆ ಸಿಟ್ಟು ನೆತ್ತಿಗೇರಿತು.

“ನನಗ ಸುಣ್ಣದ ಪಾಠ ಹೇಳ್ತಿಯೇನವ್ವ? ಹುಳಿ, ಸುಣ್ಣ ಕೂಡಿದ್ರ ಎರಡರ ಜೋರೂ ಮುರಿತೈತಿ.”

“ಖರೇ ಐತ್ರಿ. ಎರಡೂ ಕೂಡಿ ಒಂದು ಥರದ ಉಪ್ಪು, ನೀರು ಆಗ್ತೈತಿ. ಆದ್ರ ಕೂಡುವಾಗ ಬಿಸಿ ಹುಟ್ತೈತ್ರಿ. ಕೊಪ್ಪರಿಗೆಯೊಳಗ ಹುಳಿ ಕಮ್ಮಿ, ಹಾಲು ಭಾಳ, ಅದಕ್ಕ ಬಿಸಿ ಗೊತ್ತಾಗಂಗಿಲ್ಲ. ಆ್ಯಸಿಡ್ ಬಿದ್ದ ತೊಗಲು ಆ ಬಿಸಿಗೆ ಮತ್ತ ಸುಡ್ತೈತಿ. ಅದಿರ್ಲಿ, ಕೊಪ್ಪರಿಗೆಗೆ ಸುಣ್ಣ ಹೆಚ್ಚಾದ್ರ ಏನಾಗ್ತೈತ್ರಿ?”

“ಬೆಲ್ಲ ಕರ್ರಗಾಗಿ ಕೆಡ್ತೈತಿ.”

“ಈ ಕೈಗೆ ಎಷ್ಟು ಸುಣ್ಣ ಅಂತ ಅಳತಿ ಐತೇನ್ರಿ? ಹೆಚ್ಚಾದ ಸುಣ್ಣನೂ ತೊಗಲು ತಿಂತೈತಿ.”

ಜಡೆಪ್ಪ ಡಬ್ಬಿಯನ್ನು ದೂರ ಇಟ್ಟು ಆಟೊ ಕರೆಯಲು ಹೋದರು. ಇಪ್ಪತ್ತು ನಿಮಿಷ ನೀರು ಹರಿಸಿದ ಮೇಲೆ ಎಲ್ಲರೂ ಹೊಸಪೇಟೆಯ ಆಸ್ಪತ್ರೆಗೆ ಹೊರಟರು.

“ಗಾಯ ಆಳಕ್ಕೆ ಇಳಿದಿಲ್ಲ. ಕೂಡಲೇ ನೀರು ಹಾಕಿದ್ದಕ್ಕೆ ಕೈ ಉಳೀತು” ಎಂದರು ಡಾಕ್ಟರು.

ಕೊಟ್ರಮ್ಮ ಸೊಸೆಯನ್ನು ತಬ್ಬಿಕೊಂಡು ಅತ್ತೇಬಿಟ್ಟರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಜಡೆಪ್ಪ ಕಣ್ಣೊರೆಸಿಕೊಂಡು, “ಬೆಲ್ಲ ಕೆಟ್ಟಿದ್ರ ಇನ್ನೊಮ್ಮೆ ಕಾಯಿಸ್ತಿದ್ದೆ. ನಿನ್ನ ಕೈ ಎಲ್ಲಿಂದ ತರ್ತಿದ್ದೆನವ್ವ!” ಎಂದರು.

ಅಕ್ಕಂದಿರೇ, ಅಣ್ಣಂದಿರೇ, ಆ್ಯಸಿಡ್ ಮೈಮೇಲೆ ಬಿದ್ದರೂ ಕಣ್ಣಿಗೆ ಸಿಡಿದರೂ ಸುಣ್ಣ, ಸೋಡಾಪುಡಿ, ಪೇಸ್ಟ್ ಏನನ್ನೂ ಹಚ್ಚಬೇಡಿ. ಬಟ್ಟೆಗೆ ತಗುಲಿದ್ದರೆ ಬಟ್ಟೆ ತೆಗೆಯಿರಿ. ಇಪ್ಪತ್ತು ನಿಮಿಷವಾದರೂ ನೀರು ಹರಿಸಿ, ಆಮೇಲೆ ಆಸ್ಪತ್ರೆಗೆ ಹೋಗಿ. ಔಷಧ ಹುಡುಕುತ್ತ ನಿಲ್ಲಬೇಡಿ. ಆ ಹೊತ್ತಿಗೆ ನೀರೇ ಮೊದಲ ಔಷಧ.