ಹೊರೇಸನ ಬಲಗೈ

ಪೋರ್ಟ್ಸ್‌ಮತ್ ರಸ್ತೆಯ ಪಕ್ಕ ವಿಧವೆ ವಿನಿ ಟ್ರಿಂಡರ್ ಗಂಡನ ಮನೆ ಮಾರಿ ಈಜುಕೊಳ ತೋಡಿಸಿದ್ದಳು. ಅದರ ಬದಿಗೆ ಕುಣಿಯಲು ಮರದ ಹಾಸು, ಗ್ರಾಮಫೋನು, ಚಹಾದ ಮೇಜುಗಳು. ಲಂಡನ್ನಿನ ಕಾರಿನವರು ಬಂದು ಈಜುತ್ತಾರೆ, ಕುಣಿಯುತ್ತಾರೆ, ತಿನ್ನುತ್ತಾರೆ ಎಂದು ಅವಳ ಎಣಿಕೆ. ಕಾರಿನವರು ಧೂಳೆಬ್ಬಿಸಿಕೊಂಡು ಸಮುದ್ರದ ಕಡೆ ಓಡಿದರು. ಕೊಳದಲ್ಲಿ ಕಪ್ಪೆಗಳು ಈಜಿದವು, ಅದೂ ಪುಕ್ಕಟೆ. ಈ ಬೇಸಿಗೆಯೂ ಹೀಗೇ ಕಳೆದರೆ ಬಾಗಿಲು ಮುಚ್ಚಿ ಅಕ್ಕನ ಮನೆಯ ಅಟ್ಟ ಸೇರಬೇಕಿತ್ತು. ಅಕ್ಕ ಆಗಲೇ ಅಟ್ಟ ಗುಡಿಸಿಟ್ಟಿದ್ದಳು.

ಎದುರಿನ ತಿರುವಿನಲ್ಲಿ ಮೋಟಾರು ಸಂಘದ ಪಹರೆಯವನು ಹೊರೇಸ್ ಪಿಲ್ಬೀಮ್ ನಿಲ್ಲುತ್ತಿದ್ದ. ಸಂಘದ ಬಿಲ್ಲೆಯಿದ್ದ ಪ್ರತಿ ಕಾರಿಗೂ ಸೆಲ್ಯೂಟು ಹೊಡೆಯುವುದು ಅವನ ಕೆಲಸ. ಹೊಡೆಯಲಿಲ್ಲವೆಂದರೆ, ಮುಂದೆ ಪೊದೆಯ ಹಿಂದೆ ವೇಗ ಅಳೆಯಲು ಪೊಲೀಸರು ಗಡಿಯಾರ ಹಿಡಿದು ಕೂತಿದ್ದಾರೆಂದು ಅರ್ಥ. ಇದು ಎಲ್ಲರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅಷ್ಟೆ.

ಜೂನಿನಲ್ಲಿ ಯಾರದೋ ಕೆಟ್ಟುನಿಂತ ಕಾರನ್ನು ಚಾಲೂ ಮಾಡಲು ಮುಂದಿನ ಹ್ಯಾಂಡಲು ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ಹೊರೇಸನ ಬಲಗೈ ಮುರಿಯಿತು. ಕೊರಳಿಗೆ ಜೋಲಿ ಕಟ್ಟಿಕೊಂಡೇ ಕೆಲಸಕ್ಕೆ ಬಂದ.

“ಎಡಗೈಲಿ ಸೆಲ್ಯೂಟು ಹೊಡೀಬಾರ್ದೇನಪ್ಪಾ?” ಎಂದಳು ವಿನಿ.

“ಎಡಗೈಲಾ? ನಾನು ಸೈನ್ಯದಲ್ಲಿದ್ದೋನು, ಮಿಸೆಸ್ ಟ್ರಿಂಡರ್!”

ಮೊದಲ ಕಾರು ಬಂತು. ಸೆಲ್ಯೂಟಿಲ್ಲ. ಕಾರು ಹೆದರಿ ತೆವಳತೊಡಗಿತು. ತೆವಳುವಾಗ ಒಳಗಿದ್ದ ಹೆಂಗಸಿಗೆ ಕೊಳ ಕಂಡಿತು. “ಪೊಲೀಸ್ನೋರು ಹೋಗೋವರ್ಗೂ ಇಲ್ಲೇ ಇರೋಣ ರೀ” ಎಂದಳು. ಜೋಲಿ ಕಂಡವರೂ ಅದು ಪೊಲೀಸರ ಕಣ್ಣಿಗೆ ಮಣ್ಣೆರಚುವ ಉಪಾಯವೆಂದೇ ತಿಳಿದು ಮೆಚ್ಚಿಕೊಂಡರು. ಜುಲೈ ಹೊತ್ತಿಗೆ ಕುಣಿಯುವವರು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಕಪ್ಪೆಗಳು ಜಾಗ ಖಾಲಿ ಮಾಡಿದವು.

ಆಗಸ್ಟಿನಲ್ಲಿ ಒಂದು ದಿನ ಗಾಳಿಗೆ ಮೇಜೊಂದು ಉರುಳಿತು. ಹೊರೇಸ್ ಅದನ್ನು ಎರಡೂ ಕೈಯಿಂದ ಎತ್ತಿ ನಿಲ್ಲಿಸಿ, ಬಲಗೈಯನ್ನು ಮತ್ತೆ ಜೋಲಿಗೆ ಹಾಕಿಕೊಂಡ. ವಿನಿ ನೋಡಿದಳು. ಅಂದಿನಿಂದ, ದಿನಾ ಚಹಾದ ಜೊತೆ ಅವನಿಗೆ ಕೊಡುತ್ತಿದ್ದ ಕೇಕಿನ ತುಂಡು ದಪ್ಪವಾಯಿತು.

ಮರುವಾರ ಸಂಘದ ಇನ್‌ಸ್ಪೆಕ್ಟರು ಬಂದ.

“ಇವನಿಗೆ ದಿನಾ ಚಹಾ ಕೊಡೋರು ನೀವಂತೆ. ನಿಜ ಹೇಳಿ, ಕೈ ವಾಸಿಯಾಗಿದ್ಯಾ? ಇಲ್ಲಾಂದ್ರೆ ಬೇಸಿಗೆ ಮುಗಿಯೋವರ್ಗೆ ಹೀಗೇ ನಿಂತಿರ್ಲಿ. ಆಮೇಲೆ ಮನೆಗೆ ಕಳಿಸ್ಬಿಡ್ತೀವಿ. ಒಂಟಿಗೈಯವನು ಸಂಘಕ್ಕೆ ಯಾಕೆ?”

ಅವನ ಬೆನ್ನ ಹಿಂದೆ ನಿಂತಿದ್ದ ಹೊರೇಸ್, ಇಲ್ಲ ಅನ್ನಿ, ಇಲ್ಲ ಅನ್ನಿ ಎಂದು ತಲೆಯಾಡಿಸಿದ. ವಿನಿ ತುಂಬಿದ ಮೇಜುಗಳನ್ನು ಒಮ್ಮೆ ನೋಡಿದಳು.

“ವಾಸಿಯಾಗಿದೆ. ಇವತ್ತು ಬೆಳಿಗ್ಗೆಯಷ್ಟೇ ಆಯ್ತು. ನಾನೇ ನೋಡ್ದೆ.”

ಇನ್‌ಸ್ಪೆಕ್ಟರು ಹೊರೇಸನ ಜೋಲಿ ಬಿಚ್ಚಿಸಿ ಹೋದ.

“ತಲೆ ಕೆಟ್ಟಿದ್ಯಾ ನಿಮ್ಗೆ?” ಹೊರೇಸ್ ಕೂಗಾಡಿದ. “ನನ್ ಕೆಲ್ಸ ಹೋದ್ರೆ ಹೋಗ್ತಿತ್ತು. ನಿಮ್ ಬದುಕು ಉಳೀತಿತ್ತಲ್ರೀ!”

“ನೀನು ಹೋದ್ಮೇಲೆ ಈ ಕೊಳ ಇಟ್ಕೊಂಡು ನಾನೇನು ಮಾಡ್ಲಿ? ಬೀಳ್ಲಾ ಅದ್ರಲ್ಲಿ?”

ಅಷ್ಟರಲ್ಲಿ ಬಿಲ್ಲೆಯಿದ್ದ ಕಾರೊಂದು ಬಂತು. ಹೊರೇಸ್ ಓಡಿಹೋಗಿ ನೆಟ್ಟಗೆ ನಿಂತು ಸೆಲ್ಯೂಟು ಹೊಡೆದ. ಕಾರು ಭರ್ರೆಂದು ಹೋಯಿತು. ಅದರ ಹಿಂದಿನದೂ ಹೋಯಿತು.

ಸಂಜೆ, ಇದ್ದ ಗಿರಾಕಿಗಳೂ ಎದ್ದುಹೋದ ಮೇಲೆ, ವಿನಿ ಮೇಜುಬಟ್ಟೆ ಮಡಚತೊಡಗಿದಳು. ಒಬ್ಬಳಿಗೇ ಸರಿಯಾಗಿ ಮಡಚಲಾಗುತ್ತಿರಲಿಲ್ಲ, ಅಳುವೂ ಬಂದಿತ್ತು. ಕೆಲಸ ಮುಗಿಸಿ ಬಂದ ಹೊರೇಸ್, “ಈ ಕಡೆ ಕೊಡು, ವಿನಿ” ಎಂದು ಇನ್ನೊಂದು ತುದಿ ಹಿಡಿದ.